ಸದರಿ ಗುಳಿಗೆಯ ವಾರ

ಅವ್ವನ ಎಲುಬು ಸವೆದಿವೆ ಎಂದು ವಿಜಾಪುರದ ಎಲುಬಿನ ಡಾಕ್ಟರು ಹನ್ನೆರಡು ಗುಳಿಗೆ ಕೊಟ್ಟರು. ವಾರಕ್ಕೊಂದು. ಬರಿಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನ ಜೊತೆ ನುಂಗಬೇಕು, ಆಮೇಲೆ ಅರ್ಧ ತಾಸು ಏನೂ ತಿನ್ನಬಾರದು, ಅಡ್ಡಾಗಬಾರದು. ಅಡ್ಡಾದರೆ ಗುಳಿಗೆ ಗಂಟಲಿನಿಂದ ಎದೆಯವರೆಗೆ ಸುಡುತ್ತದೆ ಎಂದೂ ನನಗೆ ಹೇಳಿದರು. ಸಿಂದಗಿ ಬಸ್ಸು ಹೊರಡುವ ಹೊತ್ತಾಗಿತ್ತು. ನಿಯಮಗಳನ್ನಷ್ಟೇ ಅವ್ವನಿಗೆ ಒದರಿ, ಕಾರಣವನ್ನು ನುಂಗಿಬಿಟ್ಟೆ. ಆಗ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮನೆಯಲ್ಲೂ ವಿವರಿಸಬೇಕೆಂದರೆ ಸಿಟ್ಟು ಬರುತ್ತಿತ್ತು.

ನಮ್ಮ ಕಡೆ ವಾರ ಎಂದರೆ ಏಳು ದಿನ ಮಾತ್ರವಲ್ಲ, ದೇವರ ಹೆಸರಿನಲ್ಲಿ ಹಿಡಿಯುವ ಉಪವಾಸವೂ ಹೌದು. ಬರಿಹೊಟ್ಟೆ, ನೀರು, ಮಲಗಬಾರದು ಎಂಬ ಕಟ್ಟಳೆ; ಅವ್ವನಿಗೆ ಇನ್ನೇನು ಬೇಕು? ಸೋಮವಾರ ಹಿಡಿದೇಬಿಟ್ಟಳು. ಜಳಕ ಮಾಡಿ, ವಿಭೂತಿ ಹಚ್ಚಿ, ಗುಳಿಗೆ ನುಂಗಿ, ಪಡಸಾಲೆಯ ಕಂಬಕ್ಕೂ ಬೆನ್ನು ತಾಗಿಸದೆ ಕೂರುತ್ತಿದ್ದಳು. ಮಾತಾಡಿಸಿದರೆ ಕೈ ಅಡ್ಡ ಮಾಡುತ್ತಿದ್ದಳು. ಮಾತಾಡಬಾರದೆಂದು ಡಾಕ್ಟರು ಹೇಳಿರಲಿಲ್ಲ, ಅದು ಅವಳ ಸ್ವಂತ ಸೇರ್ಪಡೆ.

ಅಷ್ಟರಲ್ಲಿ ಕಾಕಾ ಪೇಪರು ಹಿಡಿದು ಬಂದ. ಅಪ್ಪನ ತಮ್ಮನಾದ ಅವನು ಊರಿನ ವಕೀಲರೊಬ್ಬರಲ್ಲಿ ಟೈಪಿಂಗ್ ಮಾಡುವ ಗುಮಾಸ್ತ. ಇಂಥದೇ ಗುಳಿಗೆಯಿಂದ ದವಡೆಯ ಎಲುಬು ಕೊಳೆಯಿತೆಂದು ಅಮೆರಿಕದಲ್ಲಿ ಜನ ಕಂಪನಿಯ ಮೇಲೆ ಕೇಸು ಹಾಕಿದ್ದಾರಂತೆ.

“ವೈನಿ, ನಾವೂ ಹಾಕೂಣ್ರಿ. ಸಿಂದಗಿ ಕೋರ್ಟಿಗೆ ಇಂಥಾ ಕೇಸು ಬಂದೇ ಇಲ್ಲ.”

“ನನ್ನ ದವಡಿಗಿ ಏನಾಗೇತೋ?”

“ಆಗ್ತೈತಿ, ತಡೀರಿ.”

ಅಂದಿನಿಂದ ದಿನಾ ಬೆಳಿಗ್ಗೆ ಬ್ಯಾಟರಿ ಬಿಟ್ಟು ಅವ್ವನ ಬಾಯಿ ನೋಡತೊಡಗಿದ. ದವಡೆ ಗಟ್ಟಿಯಾಗಿರುವುದನ್ನು ಕಂಡು ಮುಖ ಸಣ್ಣದು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ವ್ರತಕ್ಕೆ ಐದು ವಾರ ಸಾಕೆಂದು ಅವ್ವ ತಾನೇ ಎಣಿಸಿಕೊಂಡಿದ್ದಳು, ಅವು ಮುಗಿದವು. ಹಿಡಿದ ವಾರ ಮುಗಿಸುವಾಗ ಐದು ಮಂದಿ ಮುತ್ತೈದೆಯರ ಉಡಿ ತುಂಬಬೇಕು. ಅವ್ವ ಓಣಿಯ ಐವರನ್ನು ಕರೆದು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರಿನ ಜೊತೆಗೆ ಒಬ್ಬೊಬ್ಬರ ಸೆರಗಿಗೆ ಒಂದೊಂದು ಗುಳಿಗೆ ಹಾಕಿದಳು. ಉಳಿದೆರಡನ್ನು ದೇವರ ಜಗಲಿಯ ಮೇಲಿಟ್ಟಳು. ನಾನು ಅಂದು ಇಂಡಿ ಊರಿನ ಕಾಲೇಜಿನಲ್ಲಿ ಪರೀಕ್ಷೆ ಡ್ಯೂಟಿಯ ಮೇಲಿದ್ದೆ.

ನಾಲ್ವರು ಗುಳಿಗೆಯನ್ನು ಭಕ್ತಿಯಿಂದ ಅರಿಶಿಣದ ಡಬ್ಬಿಗೆ ಸೇರಿಸಿದರು. ಐದನೆಯವಳು ಪಕ್ಕದ ಮನೆಯ ಗಿರಣಿ ಕಾಕು. ಗಂಡನದು ಹಿಟ್ಟಿನ ಗಿರಣಿ, ಅದಕ್ಕೆ ಆ ಹೆಸರು. ಅವ್ವನೂ ಅವಳೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದ ಜೀವದ ಗೆಳತಿಯರು. ಕಾಕು ಅದನ್ನು ಪ್ರಸಾದವೆಂದು ತಿಳಿದು, ಊಟದ ಮೇಲೆ ಒಂದು ಗುಟುಕು ಚಹಾದಲ್ಲಿ ನುಂಗಿ ಅಡ್ಡಾದಳು. ಎದೆ ಉರಿದು ನಾಲ್ಕು ದಿನ ಗಂಜಿಯೂ ಇಳಿಯಲಿಲ್ಲ.

ಅವಳ ಗಂಡ ನೇರ ವಕೀಲರ ಹತ್ತಿರ ಹೋದ. ನೋಟಿಸು ಟೈಪ್ ಮಾಡಿದವನು ನಮ್ಮ ಕಾಕಾ. ಪೋಸ್ಟಿಗೆ ಯಾಕೆ ಎಂದು ತಾನೇ ಮನೆಗೆ ತಂದು, ನಿಂತು ಓದಿದ: “ಸದರಿ ಮಹಿಳೆಯು ಸದರಿ ಗುಳಿಗೆಯನ್ನು ಸದರಿ ಉಡಿಯಲ್ಲಿ ಉದ್ದೇಶಪೂರ್ವಕವಾಗಿ ಹಾಕಿ...”

“ಯಾರೋ ಈ ಸದರಿ?” ಅವ್ವ ಕೇಳಿದಳು.

“ನೀವ ರೀ, ವೈನಿ.”

“ಇದನ್ನ ನೀನ ಬರ್ದೀಯೇನು?”

“ಬರ್ಸಿದವ್ರು ವಕೀಲರು. ನಾ ಬರೇ ಟೈಪ್ ಮಾಡೇನಿ. ಒಂದೂ ತಪ್ಪಿಲ್ಲ ನೋಡ್ರಿ.”

ನಾನು ಬಿದ್ದು ಬಿದ್ದು ನಕ್ಕೆ. ಅವ್ವ ನಗಲಿಲ್ಲ. ಅವಳಿಗೆ ಕೋರ್ಟಿನ ಹೆದರಿಕೆಯಿರಲಿಲ್ಲ. ಗೋಡೆಯಾಚೆಯಿಂದ ದಿನಾ ಬರುತ್ತಿದ್ದ “ಏನ್ ಪಲ್ಯಾ ಮಾಡೀಯಬೇ?” ಎಂಬ ದನಿ ನಿಂತುಹೋಗಿತ್ತು. ಒಲೆಯ ಮುಂದೆ ಸುಮ್ಮನೆ ಕೂತಿದ್ದಳು, ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

“ಆಕಿ ಎದಿಗೆ ನಾನ ಬೆಂಕಿ ಇಟ್ಟಂಗಾತಲ್ಲ,” ಎಂದು ಕಣ್ಣೊರೆಸಿಕೊಂಡಾಗ ನನಗೆ ನಾಚಿಕೆಯಾಯಿತು. ಕಾರಣ ನುಂಗಿದವಳು ನಾನು.

ಅವ್ವನ ಕೈ ಹಿಡಿದು ಪಕ್ಕದ ಮನೆಗೆ ಎಳೆದುಕೊಂಡು ಹೋದೆ.

“ಕಾಕು, ನುಂಗಿ ಅಡ್ಡಾದ್ರ ಸುಡ್ತೈತಿ ಅಂತ ಡಾಕ್ಟರು ಹೇಳಿದ್ರು. ನಾ ಅವ್ವಗ ಹೇಳಲಿಲ್ಲ. ನೋಟಿಸು ನನಗ ಕಳಸ್ರಿ.”

ಕಾಕು ನನ್ನನ್ನು ಬಿಟ್ಟು ಅವ್ವನ ಮೇಲೆ ಹರಿಹಾಯ್ದಳು. “ಅಲ್ಲಬೇ, ಇಂಥಾದ್ದನ್ನ ನುಂಗಿ ಐದು ವಾರ ಒಬ್ಬಾಕಿನ ಕುಂತಿದ್ದೇನು? ನಿದ್ದಿ ಹತ್ತಿ ಅಡ್ಡಾಗಿದ್ರ ಏನ್ ಗತಿ?”

ಗಂಡ ನೋಟಿಸಿನ ಮಾತೆತ್ತಿದ. “ನೀವು ಗಿರಣಿ ನೋಡ್ರಿ,” ಎಂದಳು. ಕೇಸು ಅಲ್ಲಿಗೆ ಮುಗಿಯಿತು. “ರಾಜಿಪತ್ರಾನರ ಟೈಪ್ ಮಾಡ್ಲೇನು?” ಎಂದು ಕಾಕಾ ಎರಡು ದಿನ ಎಲ್ಲರನ್ನೂ ಕೇಳಿಕೊಂಡು ತಿರುಗಿದ.

ಡಾಕ್ಟರು ಬೈದು ಅವ್ವನಿಗೆ ಮತ್ತೆ ಗುಳಿಗೆ ಶುರುಮಾಡಿಸಿದರು. ಪ್ರತಿ ಸೋಮವಾರ ಗಿರಣಿ ಕಾಕು ಬಂದು ಎದುರಿಗೆ ಕೂತು, “ನೆಟ್ಟಗ ಕುಂಡ್ರು. ಅಡ್ಡಾದ್ರ ಮತ್ತ ಕೇಸ್ ಹಾಕ್ತೇನಿ” ಎನ್ನುತ್ತಿದ್ದಳು. ಮಾತಾಡಬಾರದೆಂಬ ನಿಯಮವನ್ನು ಅವ್ವ ಸದ್ದಿಲ್ಲದೆ ರದ್ದು ಮಾಡಿದಳು.

ಕೆಲವು ವರ್ಷಗಳಾದ ಮೇಲೆ ಅವ್ವನ ದವಡೆ ಹಲ್ಲು ಕೀಳಬೇಕಾಯಿತು. ಗುಳಿಗೆ ತಿಂದಿದ್ದು ಸಾಕು, ಹಲ್ಲು ಕೀಳುವ ಮೊದಲು ನಿಲ್ಲಿಸಿ, ದವಡೆಗೆ ತೊಂದರೆಯಾದೀತು ಎಂದರು ಎಲುಬಿನ ಡಾಕ್ಟರು. ಕಾಕಾನ ಪೇಪರು ಸುಳ್ಳು ಹೇಳಿರಲಿಲ್ಲ. ಹಲ್ಲು ಹೋಯಿತು, ದವಡೆ ಉಳಿಯಿತು.

ಮುಂದಿನ ಸೋಮವಾರ ನೋಡುತ್ತೇನೆ, ಅವ್ವ ಜಳಕ ಮಾಡಿ, ತುಂಬಿದ ಲೋಟ ನೀರು ಕುಡಿದು ನೆಟ್ಟಗೆ ಕೂತಿದ್ದಾಳೆ. ಎದುರಿಗೆ ಕಾಕು.

“ಗುಳಗಿ ಬಿಟ್ಟೀಯಲ್ಲಬೇ, ಮತ್ತ್ಯಾಕ ಕುಂತೀರಿ?” ಎಂದೆ.

“ಡಾಕ್ಟರು ಗುಳಗಿ ಬಿಡಂದಾರ,” ಎಂದಳು ಅವ್ವ. “ವಾರ ಬಿಡಂದಿಲ್ಲ.”