ಪಂಢರಪುರದ ದಾರಿಗೆ ಹೊಲಿದ ಚಪ್ಪಲಿ

ಅಥಣಿಯಲ್ಲಿ ನಮ್ಮದು ಚರ್ಮದ ಚಪ್ಪಲಿಯ ಸಣ್ಣ ಅಂಗಡಿ. ನಾನು ಅಡಿಯ ಅಟ್ಟೆ ಕೊಯ್ದು ಹೊಲಿಯುತ್ತೇನೆ, ಹೆಂಡತಿ ಮೇಲಿನ ಪಟ್ಟಿಗೆ ಚರ್ಮದ ಜಡೆ ಹೆಣೆಯುತ್ತಾಳೆ. ಕೆಲಸ ನನಗೆ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಶುರು ಮಾಡುವುದೊಂದು ಬರುವುದಿಲ್ಲ. ಅಟ್ಟೆಗೆ ಕೈ ಹಾಕುವ ಮೊದಲು ಅಂಗಡಿ ಗುಡಿಸಬೇಕು, ಚಹಾ ಆಗಬೇಕು, ತೂಗುಹಾಕಿದ ಚಪ್ಪಲಿಗಳ ಧೂಳು ಹೊಡೆಯಬೇಕು, ಅವುಗಳ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಬೇಕು, ಯಾರು ಯಾರು ನೋಡಿದರೆಂದು ಮತ್ತೆ ಮತ್ತೆ ನೋಡಬೇಕು. ಮಗಳು ಅದೇ ಮೊಬೈಲಿನಲ್ಲಿ ಕೆಲಸದ ಹೊತ್ತಿಗೆ ಅಲಾರಾಂ ಇಟ್ಟುಕೊಟ್ಟಿದ್ದಳು. ಅದನ್ನು ಬಂದ್ ಮಾಡುವ ಕೆಲಸವನ್ನು ಮಾತ್ರ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ರಾಯಬಾಗದ ಕಡೆಯ ಹಳ್ಳಿಯಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಹೆಬ್ಬೆರಳ ಪಕ್ಕದ ಎಲುಬು ಹೊರಗೆ ಉಬ್ಬಿದ್ದರಿಂದ ಸಿದ್ಧ ಚಪ್ಪಲಿ ಅವರ ಕಾಲಿಗೆ ಕೂಡುತ್ತಿರಲಿಲ್ಲ. ಇಷ್ಟು ದಿನ ಹವಾಯಿ ಚಪ್ಪಲಿಯಲ್ಲೇ ಕಾಲ ಕಳೆದವರು. ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದೇ ಬರುತ್ತೇನೆಂದು ವಿಠ್ಠಲನಿಗೆ ಹರಕೆ ಹೊತ್ತು ಎಷ್ಟೋ ವರ್ಷವಾಗಿತ್ತಂತೆ. ಒಮ್ಮೆ ಅತ್ತೆಯ ಕಾಯಿಲೆ, ಒಮ್ಮೆ ಮಗಳ ಬಾಣಂತನ, ಹೀಗೇ ತಪ್ಪುತ್ತ ಬಂದು ಈ ಸಲ ಭಜನೆ ಮಾಡುತ್ತ ಹೋಗುವ ದಿಂಡಿಯವರ ಜೊತೆ ನಡೆದು ಹೊರಡುವುದು ಗಟ್ಟಿಯಾಗಿತ್ತು. ರಟ್ಟಿನ ಮೇಲೆ ಅವರ ಪಾದ ಇರಿಸಿ ಗೆರೆ ಎಳೆದುಕೊಂಡೆ.

“ಲಗೂನ ಕೊಡಪಾ ತಮ್ಮಾ, ಭಾಳ ದೂರ ನಡಿಯೂದೈತಿ,” ಅಂದರು.

“ಮುಂದಿನ ವಾರ ಬರ್ರಿ ಆಯಿ,” ಅಂದೆ.

ಬಂದರು. ಅಟ್ಟೆ ಇನ್ನೂ ಒಣಗಿಲ್ಲ ಅಂದೆ. ಮತ್ತೆ ಬಂದರು. ಚರ್ಮ ಬಂದಿಲ್ಲ ಅಂದೆ. ಚರ್ಮ ನನ್ನ ಬೆನ್ನ ಹಿಂದೆಯೇ ಇತ್ತು. ಬಿಸಿಲಲ್ಲಿ ಬಸ್ಸು ಹತ್ತಿ ಇಳಿದು ಬರುವ ಆ ಹೆಂಗಸಿಗೆ ನಾನು ಹಸಿ ಸುಳ್ಳು ಹೇಳುತ್ತಿದ್ದೆ. ಅವರು ಹೋದ ಮೇಲೆ ಹೆಂಡತಿ, “ನಾ ಜಡಿ ಹೆಣದಿಟ್ಟು ಎಷ್ಟ ದಿನಾ ಆತ್ರಿ? ನಿಮಗ ಮಾರಿ ಹೆಂಗರ ಬರತೈತಿ ಹೇಳಾಕ?” ಅಂದಳು. ನಾನೇ ಉಲ್ಟಾ ಅವಳ ಮೇಲೆ ಹರಿಹಾಯ್ದೆ.

ದಿಂಡಿ ಹೊರಡುವ ಹಿಂದಿನ ದಿನ ಕೂತೆ. ಹಗಲೆಲ್ಲ ತಲೆ ಎತ್ತದೆ ಹೊಲಿದು, ಮತ್ತೆ ಕೇಳಲು ಬಂದ ಅವರ ಕೈಗೆ ಸಂಜೆಯ ಬಸ್ಸಿಗೆ ಮೊದಲು ಇಟ್ಟೆ. ಕಡೆಗೂ ಸಮಯಕ್ಕೆ ಕೊಟ್ಟೆನೆಂದು ಎದೆ ಉಬ್ಬಿತ್ತು. ನಮ್ಮ ಚಪ್ಪಲಿಯ ಗುಣ ನನಗೆ ಗೊತ್ತಿಲ್ಲವೇ? ಎಣ್ಣೆ ಹಚ್ಚಿ, ಅಂಗಳದಲ್ಲಿ ಸ್ವಲ್ಪ ಸ್ವಲ್ಪ ಮೆಟ್ಟಿ, ವಾರಗಟ್ಟಲೆ ಪಳಗಿಸಿದ ಮೇಲೆಯೇ ಅದು ಮೆತ್ತಗಾಗುವುದು. ಅಲ್ಲಿಯವರೆಗೆ ಕಚ್ಚುತ್ತದೆ. ಬಂದ ಗಿರಾಕಿಗೆಲ್ಲ ನಾನೇ ಹೇಳುವ ಮಾತಿದು. ಅವರಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ತಡ ಮಾಡಿದ್ದನ್ನು ನಾನೇ ಒಪ್ಪಿಕೊಂಡಂತಾಗುತ್ತಿತ್ತು.

ಏಕಾದಶಿ ಕಳೆದು ಕೆಲವು ದಿನಗಳಿಗೆ ಅವರು ಮತ್ತೆ ಅಂಗಡಿಗೆ ಬಂದರು. ನಾನು ನಗುತ್ತ, “ದರ್ಶನ ಛಲೋ ಆತಿಲ್ರಿ ಆಯಿ?” ಅಂದೆ.

“ಆತಪಾ. ಆದ್ರ ಜತ್ತ ಊರು ದಾಟೂದ್ರಾಗ ಬೊಬ್ಬಿ ಎದ್ದು, ಬೆರಳ ಸುಲದು ರಕ್ತ ಬಂತು. ಬರಿಗಾಲಲೆ ಹೆಜ್ಜಿ ಇಡಾಕ ಆಗಲಿಲ್ಲ. ಸಾಮಾನಿನ ಗಾಡ್ಯಾಗ ಕುಂಡ್ರಿಸಿದ್ರು. ನಡದ ಬರ್ತೇನಿ ಅಂದಿದ್ದೆ, ಗಾಡ್ಯಾಗ ಹೋಗಿ ಅವನ ಮುಂದ ನಿಂತೆ. ನನ್ನ ಕಾಲ ಮೊದಲ ಸೊಟ್ಟ ನೋಡು.”

ತಪ್ಪನ್ನು ಅವರು ತಮ್ಮ ಕಾಲಿಗೆ ಹಾಕಿಕೊಂಡರು. ಅಲ್ಲ ಆಯಿ, ತಪ್ಪು ನನ್ನದು ಅನ್ನುವ ಬದಲು ನಾನು ಅವರು ತಂದಿದ್ದ ಚಪ್ಪಲಿಯನ್ನು ಈಸಿಕೊಂಡು ನೋಡಿದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಒಂದು ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಟ ಕಿತ್ತಿತ್ತು. “ಅವಸರ ಇಲ್ಲಪಾ, ನಿನಗ ಆದಾಗ ಹೊಲದಿಡು. ಇನ್ನ ನಾ ಎಲ್ಲಿ ನಡೀಲಿ,” ಅಂದರು. ಹೇಳಲು ನಾಲಿಗೆ ಬರುವುದಿಲ್ಲ, ಆದರೂ ಹೇಳುತ್ತೇನೆ: ಅದನ್ನು ಕೇಳಿ ಒಂದು ಗಳಿಗೆ ನನಗೆ ಹಾಯೆನಿಸಿತು. ಚಪ್ಪಲಿಯನ್ನು ಮೂಲೆಯ ರಾಶಿಗೆ ಹಾಕಲು ಕೈ ಆಗಲೇ ಹೋಗಿತ್ತು. ಆ ಕೈ ಕಂಡು ನನಗೇ ಹೇಸಿಗೆಯಾಯಿತು.

“ಕೂಡ್ರಿ ಆಯಿ,” ಎಂದು ಸೂಜಿಗೆ ದಾರ ಹಾಕಿದೆ. ಹೆಂಡತಿ ಕೊಟ್ಟ ಚಹಾವನ್ನು ಅವರು ಕುಡಿದು ಮುಗಿಸುವಷ್ಟರಲ್ಲಿ ಹೊಲಿದಾಗಿತ್ತು. ಅವರು ಚಪ್ಪಲಿಯನ್ನು ಹೊರಳಿಸಿ ಹೊರಳಿಸಿ ನೋಡಿದರು.

“ಇಷ್ಟ ಲಗು ಆಗತೈತೇನ ತಮ್ಮಾ ಇದು?” ಅಂದರು.

ಕುಟುಕಲು ಅಂದದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.