ದಿನಕ್ಕೊಂದು ಚೊಂಬು ನೀರು

ನನಗೆ ಕಾರು ಓಡಿಸಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ನಾನು ಎಡಗಡೆ ಸೀಟಿನಲ್ಲಿ ತೊಡೆಯ ಮೇಲೆ ಚಕ್ಕುಲಿ ಡಬ್ಬ ಇಟ್ಟುಕೊಂಡು ಕೂರುತ್ತಿದ್ದೆ.

ನಾನು ಹೋಟೆಲಿನಲ್ಲಿ ಅಡುಗೆಯವನು. ಕುಂದಾಪುರದ ಕಡೆಯಿಂದ ಈ ತಮಿಳು ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅವಳು ಇಲ್ಲಿಯೇ ಹುಟ್ಟಿದವಳು. ಮನೆಯಲ್ಲಿ ಚಕ್ಕುಲಿ, ಕೋಡುಬಳೆ, ಸಾಂಬಾರು ಪುಡಿ ಮಾಡಿ ಎಗ್ಮೋರಿನಿಂದ ಪೆರುಂಗುಡಿಯವರೆಗೆ ಮನೆಗಳಿಗೂ ಆಫೀಸುಗಳಿಗೂ ತಾನೇ ತಲುಪಿಸುತ್ತಿದ್ದಳು. ನನಗೆ ರಜೆ ಇದ್ದ ದಿನ ನಾನೂ ಹೋಗುತ್ತಿದ್ದೆ. ದಾರಿಯ ಬಗ್ಗೆ ಏನಾದರೂ ಹೇಳಿದರೆ, "ನಿಮಗೆ ಎಂತ ಗೊತ್ತುಂಟು ರೋಡಿನ ವಿಷಯ? ಡಬ್ಬ ಹಿಡ್ಕೊಳ್ಳಿ" ಎನ್ನುತ್ತಿದ್ದಳು. ಹಿಡಿದುಕೊಳ್ಳುತ್ತಿದ್ದೆ.

ಹೋದ ವರ್ಷ ತೀರಿಕೊಂಡಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದಳು, ಮೂರನೆಯ ದಿನ ಇರಲಿಲ್ಲ. ಕಾರು ಅಪಾರ್ಟ್‌ಮೆಂಟಿನ ಕೆಳಗೆ ನಿಂತೇ ಇತ್ತು. ಮೂರು ತಿಂಗಳ ಮೇಲೆ ಅಸೋಸಿಯೇಷನ್ನಿನವರು ಬಂದು, ಕಾರಿನ ಕೆಳಗೆ ಇಲಿ ಮರಿ ಹಾಕಿದೆ, ಏನಾದರೂ ಮಾಡಿ ಎಂದರು. ಇಲಿಗೆ ಮಾಡಬೇಕೋ ಕಾರಿಗೆ ಮಾಡಬೇಕೋ ಅವರು ಹೇಳಲಿಲ್ಲ. ನಾನು ಕಾರು ಮಾರುವುದೆಂದು ತೀರ್ಮಾನಿಸಿದೆ.

ಸತ್ತವರ ಕಾರನ್ನು ನೇರವಾಗಿ ಮಾರಲು ಆಗುವುದಿಲ್ಲ. ಮೊದಲು ಬದುಕಿದವರ ಹೆಸರಿಗೆ ಬರಬೇಕು. ಮರಣಪತ್ರ, ವಾರಸುದಾರರ ಪತ್ರ, ಎಲ್ಲ ಹಿಡಿದುಕೊಂಡು ಆರ್‌ಟಿಓ ಆಫೀಸಿಗೆ ಐದು ಸಲ ಹೋದೆ. ನಮಗೆ ಮಕ್ಕಳಿಲ್ಲ, ಹಾಗಾಗಿ ಕಾಗದ ಕಡಿಮೆ ಎಂದು ಅಲ್ಲಿನ ಗುಮಾಸ್ತರು ಸಮಾಧಾನ ಹೇಳಿದರು.

ಕೊಳ್ಳಲು ಬಂದವರು ಟ್ಯೂಷನ್ ಹೇಳಿಕೊಡುವ ಒಬ್ಬ ಟೀಚರು ಮತ್ತು ಅವರ ಗಂಡ. ಅಜ್ಜನ ಕಾಲದಿಂದ ಇಲ್ಲಿರುವ ಕನ್ನಡದವರು. ಟೀಚರು ನನ್ನನ್ನು ಮಾಮಾ ಎನ್ನುತ್ತಿದ್ದರು. ಗಂಡನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ತಮಿಳು. ಹೊಸ ಬ್ಯಾಟರಿ ಹಾಕಿಸಿಟ್ಟಿದ್ದೆ, ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಂಡ ಒಂದು ಟಯರನ್ನು ಕಾಲಿನಿಂದ ಒದ್ದು ನೋಡಿ ತಲೆಯಾಡಿಸಿದರು.

"ಮೆಕ್ಯಾನಿಕ್ ಕರ್ಕೊಂಡು ಬರಬಹುದಿತ್ತು ಮಾಮಾ," ಎಂದು ಟೀಚರು ಸಂಕೋಚಪಟ್ಟರು. "ಆದ್ರೆ ಸಾವಾದ ಮನೆಗೆ ಬಂದು, ಹೋದವರ ವಸ್ತುನ ಬಿಚ್ಚಿ ನೋಡೋದು ಚೆನ್ನಾಗಿರಲ್ಲ. ನೀವೇ ಹೇಳಿಬಿಡಿ. ಏನಾದ್ರೂ ತೊಂದರೆ ಇದೆಯಾ?"

"ತೊಂದರೆ ಎಂತದು ಇಲ್ಲ," ಎಂದೆ. "ಮಗುವಿನ ಹಾಗೆ ನೋಡ್ಕೊಂಡಿದ್ದಳು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ಒಂದು ಚೊಂಬು ನೀರು ಹಾಕುತ್ತಿದ್ದಳು. ಅದಾದ ಮೇಲೆಯೇ ಅವಳ ಕಾಫಿ."

ಟೀಚರ ಕಣ್ಣಲ್ಲಿ ನೀರು ಬಂತು. "ಕೇಳಿಸ್ಕೊಳ್ರಿ," ಎಂದು ಗಂಡನಿಗೆ ಹೇಳಿದರು, "ಎರಡು ವರ್ಷದಿಂದ ಬಾಲ್ಕನಿಯ ತುಳಸಿಗೆ ಒಂದು ಲೋಟ ನೀರು ಹಾಕಿ ಅಂತಿದ್ದೀನಿ."

ಹೀಗೆ ವ್ಯಾಪಾರವಾಯಿತು. ಅಲ್ಲಿದ್ದ ಮೂವರಿಗೂ ಕಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನಿದ್ದಿದ್ದರೂ ಆ ಚೊಂಬಿನ ಮಾತಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ.

ಮೂರು ವಾರ ಕಳೆಯುವ ಮೊದಲೇ ಕಾರು ಪೆರುಂಗುಡಿಯ ಹತ್ತಿರ ಬಿಳಿ ಹೊಗೆ ಕಕ್ಕಿ ನಿಂತಿತು. ಗ್ಯಾರೇಜಿನವರು ಬಿಚ್ಚಿ ನೋಡಿದರು. ಎಂಜಿನ್ನಿನಲ್ಲಿ ನೀರಿನ ದಾರಿ ಬೇರೆ, ಎಣ್ಣೆಯ ದಾರಿ ಬೇರೆ ಇರುತ್ತದಂತೆ. ನಡುವೆ ಇರುವ ಗ್ಯಾಸ್ಕೆಟ್ ಹಾಳಾಗಿ ವರ್ಷಗಳಾಗಿದ್ದವು. ನೀರು ಒಳಗೊಳಗೇ ಸೋರುತ್ತಿತ್ತು. ಸರಿಮಾಡಲು ಕಾರಿನ ಬೆಲೆಯ ಅರ್ಧ ಬೇಕು ಎಂದರಂತೆ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಬಂದರು. ನಾನು ಕಾಫಿ ಮಾಡಿದೆ. ಗಂಡ ಕುಡಿಯಲಿಲ್ಲ.

"ಮಾಮಾ, ನಾವು ನೀರು ಹಾಕ್ಲಿಲ್ಲ," ಎಂದರು ಟೀಚರು. "ಹಾಕ್ಬೇಕು ಅಂತ ನಮಗೆ ಗೊತ್ತಾಗ್ಲಿಲ್ಲ. ಭಕ್ತಿ ಅಂತ ತಿಳ್ಕೊಂಡ್ವಿ. ಒಳ್ಳೆ ಕಾರಿಗೆ ದಿನಾ ನೀರು ಯಾರು ಹಾಕ್ತಾರೆ ಅಂತ ಗ್ಯಾರೇಜಿನವನು ನಕ್ಕ."

ಗಂಡ ಒಂದು ಚೀಟಿಯನ್ನು ಮೇಜಿನ ಮೇಲಿಟ್ಟರು. ಡ್ಯಾಶ್‌ಬೋರ್ಡಿನ ಒಳಗೆ, ಪೊಲ್ಯೂಷನ್ ಸರ್ಟಿಫಿಕೇಟಿನ ಹಿಂದೆ ಸಿಕ್ಕಿದ್ದು. ರಾಯಪೇಟೆಯ ಒಬ್ಬ ಮೆಕ್ಯಾನಿಕ್ ತಮಿಳಿನಲ್ಲಿ ಬರೆದುಕೊಟ್ಟ ಖರ್ಚಿನ ಅಂದಾಜು. ಏನು ಕೆಟ್ಟಿದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಮೂರು ವರ್ಷದ ಹಿಂದಿನದು. ಮೇಲೆ ನನ್ನ ಹೆಂಡತಿಯ ಹೆಸರು, ಫೋನ್ ನಂಬರು.

"ಏಮಾತ್ತಿಟ್ಟಾಂಗ," ಎಂದರು ಗಂಡ. ಮೋಸ ಮಾಡಿಬಿಟ್ಟರು ಎಂದು. ಅವಳನ್ನೇ ಕುರಿತು. "ವಕೀಲರ ನೋಟೀಸು ಬರುತ್ತದೆ," ಎಂದೂ ತಮಿಳಿನಲ್ಲೇ ಹೇಳಿದರು.

ಕಾರು ಮಾರಿದ ಹಣ ಬ್ಯಾಂಕಿನಲ್ಲಿ ಹಾಗೆಯೇ ಇತ್ತು. ಹಣದ ಮಾತು ನನಗೆ ಅಷ್ಟು ತಾಗಲಿಲ್ಲ. ಆ ಶಬ್ದ ತಾಗಿತು. ಅಳೆದು ಕೊಟ್ಟ ಸಾಂಬಾರು ಪುಡಿಯ ಮೇಲೆ ಇನ್ನೊಂದು ಚಮಚ ಹಾಕುತ್ತಿದ್ದವಳ ಹೆಸರಿನ ಮುಂದೆ ಅದು ಕೂತುಬಿಟ್ಟಿತ್ತು, ಮತ್ತು ಅದನ್ನು ತೆಗೆಯಲು ಬರುವವರು ನಾನಲ್ಲದೆ ಬೇರೆ ಯಾರೂ ಇರಲಿಲ್ಲ.

ನಮ್ಮ ಹೋಟೆಲಿಗೆ ದಿನಾ ಬೆಳಿಗ್ಗೆ ಬರುವ ಒಬ್ಬ ವಕೀಲರಿದ್ದಾರೆ. ಹೈಕೋರ್ಟಿಗೆ ಹೋಗುವ ಮೊದಲು ತಿಂಡಿ. ಮರುದಿನ ಅವರ ಮೇಜಿನ ಹತ್ತಿರ ಹೋಗಿ ನಿಂತೆ.

"ಭಟ್ರೇ, ಮೊದ್ಲು ಪೊಂಗಲ್, ಆಮೇಲೆ ಕೇಸು," ಎಂದರು. ತಿಂದು, ಕೈ ತೊಳೆದು ಬಂದರು. ಕಾರು, ಚೀಟಿ, ನೋಟೀಸು ಎಲ್ಲ ಹೇಳಿದೆ. ಕೇಳಿದರು: "ಡೀಲರ್ ಮೂಲಕ ಮಾರಿದ್ರಾ, ನೀವೇನಾ?"

"ನಾನೇ."

"ಡೀಲರ್ ಆಗಿದ್ರೆ ಗ್ರಾಹಕರ ಕೋರ್ಟಿಗೆ ಎಳೀತಿದ್ರು. ಅವನದು ಅದೇ ವ್ಯಾಪಾರ. ದೋಷ ಮುಚ್ಚಿಟ್ಟು ಮಾರಿದ್ರೆ ದುಡ್ಡೂ ವಾಪಸ್ಸು ಕೊಡ್ಬೇಕು, ಪರಿಹಾರನೂ ಕೊಡ್ಬೇಕು. ನೀವು ಮನೇಲಿದ್ದ ಒಂದು ಕಾರು ಮಾರಿದವ್ರು. ಆ ಕೋರ್ಟು ಸಾಮಾನ್ಯವಾಗಿ ನಿಮ್ಮ ತಂಟೆಗೆ ಬರಲ್ಲ. ಸಿವಿಲ್ ಕೋರ್ಟಿಗೆ ಹೋಗ್ಬೇಕು. ಅಲ್ಲಿ, ನಿಮಗೆ ಗೊತ್ತಿದ್ದೂ ಮುಚ್ಚಿಟ್ರಿ ಅಂತ ಅವ್ರು ತೋರಿಸ್ಬೇಕು. ಗೊತ್ತಿತ್ತಾ?"

"ಇಲ್ಲ."

"ಏನಾದ್ರೂ ಹೇಳಿದ್ರಾ ಮಾರುವಾಗ?"

"ದಿನಾ ನೀರು ಹಾಕುತ್ತಿದ್ದಳು ಅಂತ ಹೇಳಿದೆ."

ವಕೀಲರು ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕರು. "ಮುಚ್ಚಿಡೋದಿರ್ಲಿ, ರೋಗ ಏನು ಅಂತ ಹೇಳಿಯೇ ಮಾರಿದ್ದೀರಿ! ಅವರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ನೀವೇನ್ ಮಾಡ್ತೀರಿ?"

"ನನಗೂ ಅರ್ಥ ಆಗಿರಲಿಲ್ಲ ಮಾರಾಯ್ರೆ."

"ಅದನ್ನ ಯಾರ ಹತ್ರನೂ ಹೇಳ್ಬೇಡಿ. ಚೀಟಿ ಯಾರ ಹೆಸರಲ್ಲಿದೆ? ಹೆಂಡ್ತಿ ಹೆಸರಲ್ಲಿ. ಮಾರಿದ್ದು ಯಾರು? ನೀವು. ಹೆಂಡ್ತಿಗೆ ಗೊತ್ತಿತ್ತು, ನಿಮಗೆ ಗೊತ್ತಿರ್ಲಿಲ್ಲ. ಮುಗೀತು. ಹೋದವರಿಗೆ ನೋಟೀಸು ಕಳಿಸೋಕಾಗಲ್ಲ. ಹೋಗಿ ಸಾಂಬಾರು ನೋಡಿ."

ಹೋಗಿ ಸಾಂಬಾರು ನೋಡಿದೆ. ತಪ್ಪೆಲ್ಲ ಅವಳದು, ನೋಟೀಸು ಯಾರಿಗೂ ಇಲ್ಲ. ಕಾನೂನಿನ ಪ್ರಕಾರ ನಾನು ಒಳ್ಳೆಯ ಸ್ಥಿತಿಯಲ್ಲಿದ್ದೆ. ಅವತ್ತು ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತು. ಓನರು ನೋಡಿದರು, ಬೈಯಲಿಲ್ಲ. ಹೆಂಡತಿ ಸತ್ತ ಅಡುಗೆಯವನಿಗೆ ಒಂದು ವರ್ಷ ಉಪ್ಪಿನ ರಿಯಾಯಿತಿ ಇರುತ್ತದೆ ಎಂದು ತೋರುತ್ತದೆ.

ಮಧ್ಯಾಹ್ನ, ಅವರು ಮೇಜಿನ ಮೇಲೆ ಬಿಟ್ಟುಹೋಗಿದ್ದ ಚೀಟಿ ಹಿಡಿದುಕೊಂಡು ರಾಯಪೇಟೆಗೆ ಹೋದೆ. ಸಣ್ಣ ಗ್ಯಾರೇಜು. ಮೆಕ್ಯಾನಿಕ್ಕಿಗೆ ನಲವತ್ತರ ಮೇಲೆ ವಯಸ್ಸು. ನಮ್ಮ ಮಾತು ತಮಿಳಿನಲ್ಲಿ ನಡೆಯಿತು. ಚೀಟಿ ನೋಡಿದ ಕೂಡಲೇ ಅವನು, "ಅಕ್ಕನ ಗಾಡಿ! ಎಲ್ಲಿ ಅಕ್ಕ? ದೀಪಾವಳಿಗೆ ಚಕ್ಕುಲಿಯೇ ಬರಲಿಲ್ಲ" ಎಂದ.

ಹೇಳಿದೆ. ಅವನು ಕೈ ಒರೆಸಿಕೊಂಡು ಒಂದು ಹಳೆಯ ಟಯರಿನ ಮೇಲೆ ಕುಳಿತ. ನನಗೂ ಒಂದು ಟಯರು ತೋರಿಸಿದ. ನಾನೂ ಕುಳಿತೆ.

"ನಾನು ಆವತ್ತೇ ಹೇಳಿದೆ ಸಾರ್, ಎಂಜಿನ್ ಇಳಿಸಬೇಕು ಅಂತ. ದೀಪಾವಳಿ ಆರ್ಡರ್ ಮುಗೀಲಿ ಅಂದ್ರು. ಎರಡು ದೀಪಾವಳಿ ಹೋಯ್ತು. ದಿನಾ ತಣ್ಣಗಿರುವಾಗ ನೀರು ತುಂಬಿಸಿ, ಬಿಸಿ ಏರಿದರೆ ಏಸಿ ಆಫ್ ಮಾಡಿ ಅಂತ ಹೇಳಿಕೊಟ್ಟೆ. ಸಾರ್‌ಗೆ ಹೇಳಬೇಡ ಅಂದ್ರು. ಹೇಳಿದ್ರೆ ಅವರು ಗಾಡೀನ ಮಾರಿಸಿಬಿಡ್ತಾರೆ ಅಂದ್ರು."

ಅದು ಸರಿ. ಮಾರಿಸಿಬಿಡುತ್ತಿದ್ದೆ.

ಸಿಗ್ನಲ್ಲುಗಳಲ್ಲಿ ಅವಳು ಏಸಿ ನಿಲ್ಲಿಸಿ ಕಿಟಕಿ ಇಳಿಸುತ್ತಿದ್ದಳು. ಮೇ ತಿಂಗಳಿನಲ್ಲೂ. "ಸ್ವಲ್ಪ ಗಾಳಿ ಬರಲಿ" ಎನ್ನುತ್ತಿದ್ದಳು. ಅವಳಿಗೆ ಗಾಳಿ ಇಷ್ಟ ಎಂದುಕೊಂಡಿದ್ದೆ. ಅವಳ ತಿಥಿಯ ದಿನ ಯಾರಿಗೋ ಹಾಗೆಂದು ಹೇಳಿಯೂ ಇದ್ದೆ.

"ನಾನೇ ಒಂದು ಸಲ ಅಂದೆ," ಎಂದ ಮೆಕ್ಯಾನಿಕ್. "ಅಕ್ಕ, ಒಂದು ಪಾಲಿಶ್ ಹೊಡೆದು ಕೊಡ್ತೀನಿ, ತಿಳಿಯದವರು ಯಾರಾದ್ರೂ ತಗೊಳ್ತಾರೆ, ಮಾರಿಬಿಡಿ ಅಂತ. ಬೈದ್ರು ನೋಡಿ! ‘ಇದನ್ನ ಯಾರ ತಲೆಗೆ ಕಟ್ಟಲಿ? ನಿನ್ನ ಅತ್ತೆ ತಲೆಗೆ ಕಟ್ಟಲಾ?’ ಅಂದ್ರು. ಒಂದು ತಿಂಗಳು ನನಗೆ ಸಾಂಬಾರು ಪುಡಿ ಕೊಡಲಿಲ್ಲ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ವಿಷಯ ನನಗೆ ಸ್ಪಷ್ಟವಾಯಿತು. ಅವಳು ಎರಡು ವರ್ಷ ಮಾಡಲು ಒಪ್ಪದ ಕೆಲಸವನ್ನು ನಾನು ಅವಳ ವರ್ಷಾಂತಿಕಕ್ಕೆ ಮೊದಲೇ ಮಾಡಿ ಮುಗಿಸಿದ್ದೆ. ಅದೂ ಅವಳನ್ನು ಹೊಗಳಿ.

ಸಂಜೆ ಟೀಚರಿಗೆ ಫೋನ್ ಮಾಡಿ ಕಾರು ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ಗಂಡನೊಂದಿಗೆ ಬಂದರು. ಈ ಸಲ ಗಂಡ ಕಾಫಿ ಕುಡಿದರು.

"ಒಂದು ಮಾತು ಕೇಳ್ತೀನಿ ಮಾಮಾ, ಬೇಜಾರ್ ಮಾಡ್ಕೋಬೇಡಿ," ಎಂದರು ಟೀಚರು. "ಮಾಮಿಗೆ ಗೊತ್ತಿತ್ತಾ?"

ವಕೀಲರ ಮಾತು ನೆನಪಿತ್ತು. "ಗೊತ್ತಿತ್ತು," ಎಂದೆ. "ಆದರೆ ಅವಳು ನಿಮಗೆ ಮಾರಲಿಲ್ಲ ಅಮ್ಮ. ಮಾರಿದ್ದು ನಾನು. ಅವಳು ಮುಚ್ಚಿಟ್ಟದ್ದು ನನ್ನಿಂದ. ಅದು ನಮ್ಮ ಮನೆ ವಿಷಯ, ಅದಕ್ಕೆ ನೋಟೀಸು ಕೊಡುವುದಿದ್ದರೆ ನಾನು ಕೊಡಬೇಕು."

ಗಂಡ ಬ್ಯಾಗಿನಿಂದ ಒಂದು ಕಾಗದ ತೆಗೆದರು. ಹಣ ವಾಪಸ್ಸು, ಕಾರು ವಾಪಸ್ಸು ಎಂದು ಮೊದಲೇ ಬರೆದು ತಂದಿದ್ದರು. ಟೀಚರು ಅದನ್ನು ಓದಿ ಕನ್ನಡದಲ್ಲಿ ಹೇಳಿದರು. ಹಿಂದಿನ ಮಾಲೀಕರು ದೋಷವನ್ನು ಮುಚ್ಚಿಟ್ಟಿದ್ದರಿಂದ, ಎಂದು ಒಂದು ಕಡೆ ಇತ್ತು.

"ಅದನ್ನು ತೆಗೆಯಬೇಕು," ಎಂದೆ. "ಬೇರೆ ಎಂತ ಬೇಕಾದರೂ ಬರೀರಿ."

"ಒಂದು ಕಾರಣ ಅಂತ ಇರಬೇಕಲ್ಲ ಮಾಮಾ."

ಗಂಡ ಪೆನ್ನು ಹಿಡಿದು ಯೋಚಿಸಿದರು. ಟೀಚರೂ ಯೋಚಿಸಿದರು. ಕೊನೆಗೆ ಟೀಚರು ಪೆನ್ನು ಕಿತ್ತುಕೊಂಡು ಆ ಸಾಲನ್ನು ಹೊಡೆದುಹಾಕಿ ಮೇಲೆ ಬೇರೆ ಬರೆದರು. ಓದಿ ಹೇಳಿದರು: "ಮಾರಿದವರಿಗೆ ಕಾರಿನ ವಿಷಯ ಏನೂ ಗೊತ್ತಿರಲಿಲ್ಲವಾದ್ದರಿಂದ."

ಸಹಿ ಹಾಕಿದೆ. ಸಾಕ್ಷಿಗೆಂದು ಕೆಳಗೆ ಒಂದು ಜಾಗ ಖಾಲಿ ಇತ್ತು. ಅವಳಿದ್ದಿದ್ದರೆ ಸಂತೋಷದಿಂದ ಹಾಕುತ್ತಿದ್ದಳು.