ಬೆನ್ನ ಮೇಲೆ ಎರಡು ಗೆರೆ

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಿಂದ ಹೊತ್ತು ತಂದದ್ದರಲ್ಲಿ ಉಳಿದಿರುವುದು ಈ ಅನುಮಾನದ ಚಟವೊಂದೇ. ಆದರೂ ಎರಡು ವರ್ಷದ ಹಿಂದಿನ ಈ ಸಂಗತಿಯನ್ನು ಬರೆದೇ ತೀರುತ್ತೇನೆ.

ಕಾನಹೊಸಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಅವ್ವ ಕುರಿ ಸಾಕಿದ್ದಾಳೆ. ಮೇಯಲು ಹೋದಾಗ ಬೇರೆಯವರ ಹಿಂಡಿನಲ್ಲಿ ಬೆರೆತರೆ ಗೊತ್ತಾಗಲೆಂದು ಪ್ರತಿ ಮನೆಯವರೂ ತಮ್ಮ ಕುರಿಗಳಿಗೆ ಬಣ್ಣದ ಗುರುತು ಹಾಕುತ್ತಾರೆ. ನಮ್ಮದು ಬೆನ್ನಿನ ಮೇಲೆ ಎರಡು ಅಡ್ಡಗೆರೆ. ಆ ಸಲ ಉಣ್ಣೆ ಕತ್ತರಿಸಿದ ಮೇಲೆ ಅವ್ವ, ಬಟ್ಟೆ ಸುತ್ತಿದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು. ಒಂದನೇ ತರಗತಿಯ ನನ್ನ ಮಗಳು ಬಣ್ಣದ ಡಬ್ಬಿ ಹಿಡಿದು ನಿಂತಿದ್ದಳು.

"ಅಜ್ಜಿ, ಇದು ಯಾಕ?"

"ತಪ್ಪಿಸ್ಕೊಂಡ್ರ ನಮ್ಮನಿಗೆ ತಂದು ಬಿಡ್ಲಿ ಅಂತ."

"ಮತ್ತ ಕುರಿ ನಮಗ ಗುರ್ತು ಹಾಕಂಗಿಲ್ಲನು?"

ಅವ್ವ ಕಡ್ಡಿ ಕೆಳಗಿಟ್ಟು ಕೂತೇಬಿಟ್ಟಳು. ಇಂಥ ಪ್ರಶ್ನೆ ಬಂದರೆ ಅವಳಿಗೆ ಬೇರೆ ಕೆಲಸ ಬೇಕಿಲ್ಲ. "ಹಾಕ್ತಾವ ಬಿಡು. ಮೂಗಿನಾಗ ಹಾಕ್ತಾವ. ಒಮ್ಮಿ ವಾಸ್ನಿ ಹಿಡಿದ್ರ ಮುಗೀತು, ನೀ ಅವುಗಳ ಮಂದಿ."

"ಹಂಗಾರ ನಾ ತಪ್ಪಿಸ್ಕೊಂಡ್ರ ಹುಡುಕ್ತಾವ?"

"ಹುಡುಕ್ತಾವ. ಮುಂದ ಟಗರು, ಹಿಂದ ನಾನು."

ಕುರಿ ಹಾಗೆಲ್ಲ ಹುಡುಕುವುದಿಲ್ಲ ಎಂದು ನಾನು ಬಾಯಿ ಹಾಕಿದೆ.

"ನಿನಗ ಯಾವ ಕುರಿ ಹೇಳೈತಿ?" ಎಂದಳು ಅವ್ವ.

ಮರುದಿನ ಶಾಲೆಯಿಂದ ಫೋನ್ ಬಂತು. ಮಗಳು ಔಷಧಿ ಸೀಸೆಯಲ್ಲಿ ಬಣ್ಣ ಒಯ್ದು, ತನ್ನ ಸಾಲಿನ ಐದು ಮಕ್ಕಳ ಅಂಗಿಯ ಬೆನ್ನಿಗೆ ಎರಡೆರಡು ಗೆರೆ ಎಳೆದಿದ್ದಳು. ನಾನೂ ಅವ್ವನೂ ಹೋದಾಗ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಇವ್ರು ಕಳದ್ರ ನಮ್ಮ ಕುರಿ ಹುಡುಕಿ ತರ್ತಾವ ಅಂತಾಳ್ರಿ," ಎಂದರು ಟೀಚರ್. "ದಿನಾ ಹಿಂಗ, ಬರೇ ಸುಳ್ಳು, ಬರೇ ಪ್ರಶ್ನಿ. 'ಸುಳ್ಳು ಹೇಳಿದೆ, ಇನ್ನ ಏನೂ ಕೇಳಂಗಿಲ್ಲ' ಅಂತ ಎಲ್ಲಾರ ಮುಂದ ಹೇಳಿಸ್ರಿ. ಇಲ್ಲಾಂದ್ರ ಹಿಂದಿನ ಬೆಂಚಿನಾಗ ಒಬ್ಬಾಕಿನ್ನ ಕುಂದ್ರಿಸ್ತೀನಿ."

"ಹೇಳವ್ವ, ಹೇಳಿ ಮುಗಿಸು," ಎಂದು ಮಗಳಿಗೆ ಅಂದವನು ನಾನೇ. ಉಳಿದದ್ದೆಲ್ಲ ಮಸುಕಾಗುತ್ತದೆ, ಇದೊಂದು ಆಗುತ್ತಿಲ್ಲ. ಮಗಳು ನನ್ನನ್ನು ನೋಡಿ ಬಾಯಿ ತೆರೆದಳು.

"ಹೇಳಬ್ಯಾಡ," ಎಂದು ಅವ್ವ ಅವಳ ಕೈ ಹಿಡಿದಳು. "ಅಂಗಿ ಕೆಡಿಸಿದ್ದು ತಪ್ಪಾತು ಅನ್ನು, ಅಷ್ಟು ಸಾಕು." ಆಮೇಲೆ ಟೀಚರ್ ಕಡೆ ತಿರುಗಿದಳು. "ಅಕ್ಕಾರ, ಅಂಗಿ ಕೊಡ್ರಿ, ತೊಳದು ತರ್ತೀನಿ. ಬಣ್ಣ ಹೋಗದಿದ್ರ ಹೊಸಾವು ಹೊಲಿಸ್ತೀನಿ. ಟಗರು ಹುಡುಕ್ತೈತಿ ಅಂದಾಕಿ ನಾನು. ಹಿಂದ ಕುಂದ್ರಿಸಾದಾದ್ರ ನನ್ನ ಕುಂದ್ರಿಸ್ರಿ. ಕೇಳಾದು ಬಿಡ್ತೀನಿ ಅಂತ ಮಾತ್ರ ಈಕಿ ಬಾಯಿಂದ ಹೇಳಿಸಾಕ ನಾ ಬಿಡಂಗಿಲ್ಲ."

ಹೇಳಿದ್ದಷ್ಟೇ ಅಲ್ಲ, ಹೋಗಿ ಹಿಂದಿನ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೇಬಿಟ್ಟಳು. ಮಕ್ಕಳು ಗೊಳ್ಳೆಂದರು. ಮಗಳು ಓಡಿಹೋಗಿ ಪಕ್ಕದಲ್ಲಿ ಕೂತು, "ಅಜ್ಜಿ, ನಿನಗ ಮಗ್ಗಿ ಬರ್ತೈತನು?" ಎಂದು ಕೇಳಿದಳು. ಟೀಚರ್ "ಏಳ್ರಿ ಅಮ್ಮಾ, ಏಳ್ರಿ" ಎನ್ನುತ್ತಲೇ ಇದ್ದರು. ಅವ್ವ ಊಟದ ಗಂಟೆಯವರೆಗೂ ಕೂತಿದ್ದಳೆಂದು ನನ್ನ ನೆನಪು. ಅವಳನ್ನೇ ಕೇಳಿದರೆ, "ಎರಡು ನಿಮಿಷ ಕುಂತಿದ್ನೇನೋ, ಕಾಲು ಜೋಮು ಹಿಡೀತು," ಎನ್ನುತ್ತಾಳೆ. ಎಷ್ಟಾದರೂ ಆಗಲಿ, ಮಗಳು ಆ ಮಾತು ಹೇಳಲಿಲ್ಲ.

ಸಂಜೆ ಒಂದು ಬಿಳಿ ಅಂಗಿ ತೊಟ್ಟು ಮಗಳಿಗೆ ಬೆನ್ನು ಕೊಟ್ಟೆ. "ನನಗೂ ಹಾಕು."

"ಕುರಿ ಬರ್ತಾವಂತ ನಂಬ್ತಿಯೇನಪ್ಪ?"

"ಇಲ್ಲ."

ಕಡ್ಡಿಯನ್ನು ಬಣ್ಣದಲ್ಲಿ ಅದ್ದಿದಳು. "ನೀ ನಂಬದಿದ್ರೂ ಅವು ಬರ್ತಾವ," ಎಂದು ಎರಡು ಗೆರೆ ಎಳೆದಳು.

ಗೆರೆ ಕೆಂಪಗಿತ್ತೆಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಬೀರುವಿನಲ್ಲಿರುವ ಅಂಗಿಯ ಮೇಲಿರುವುದು ಹಸಿರು. ಇರಲಿ. ಮರುದಿನ ಅದೇ ಅಂಗಿಯಲ್ಲಿ ಅವಳನ್ನು ತರಗತಿಯ ಬಾಗಿಲವರೆಗೆ ಬಿಟ್ಟೆ. ಅವಳು ತನ್ನ ಸಾಲಿಗೆ ಹೋಗಿ ತನ್ನ ಜಾಗದಲ್ಲೇ ಕೂತಳು. ನಾನು ತರಗತಿಗೆ ಬೆನ್ನು ಮಾಡಿ, ಎಲ್ಲರಿಗೂ ಕಾಣುವಷ್ಟು ಹೊತ್ತು ಅಲ್ಲೇ ನಿಂತೆ.